ಗೆದ್ದೇ ಮಲಗುತ್ತೇನೆ ಎಂಬ ಹಠ

ಪ್ರಶ್ನೆ: ನನಗೀಗ 36. ಮನೆ ಡೊಂಬಿವಲಿ, ಮುಂಬೈಯ ಫೋರ್ಟ್‌ನಲ್ಲಿ ಅಕೌಂಟ್ಸ್ ಕೆಲಸ. ಲೋಕಲ್‌ನಲ್ಲಿ ಹೋಗುವಾಗ ಬರುವಾಗ ಮೊಬೈಲಿನಲ್ಲಿ ಒಂದು ನಿಮಿಷದ ಬುಲೆಟ್, ಮೂರು ನಿಮಿಷದ ಬ್ಲಿಟ್ಜ್ ಚೆಸ್ ಆಡುತ್ತೇನೆ. ರಾತ್ರಿ ಊಟ ಆದ ಮೇಲೂ ಅದೇ. ಸೋತರೆ ಗೆದ್ದೇ ಮಲಗಬೇಕು ಅನ್ನಿಸಿ ಎರಡು ಗಂಟೆಯಾಗುತ್ತದೆ. 1450 ಇದ್ದ ರೇಟಿಂಗ್ 1280ಕ್ಕೆ ಇಳಿದಿದೆ. ‘ಒಂದೇ ನಿಮಿಷ’ ಅಂದರೆ ಹೆಂಡತಿ ಈಗ ಉತ್ತರವನ್ನೂ ಕೊಡುವುದಿಲ್ಲ. ವಯಸ್ಸಿಗೆ ಮೆದುಳು ಮಂದವಾಯಿತೇ? ದುಡ್ಡು ಕಟ್ಟಿ ಓಪನಿಂಗ್ ಕೋರ್ಸ್ ಸೇರಲೇ?

ಉತ್ತರ: ಕೋರ್ಸ್ ಬೇಡ, ದುಡ್ಡು ಉಳಿಸಿ. ವಯಸ್ಸಿನ ಮಾತನ್ನೂ ಬಿಡಿ. 2017ರ ಡಿಸೆಂಬರಿನಲ್ಲಿ ರಿಯಾದ್‌ನಲ್ಲಿ ವಿಶ್ವ ರ‍್ಯಾಪಿಡ್ ಪಟ್ಟ ಗೆದ್ದಾಗ ವಿಶ್ವನಾಥನ್ ಆನಂದ್‌ಗೆ 48. ಆದರೆ ಅಲ್ಲಿ ಒಬ್ಬೊಬ್ಬರಿಗೆ 15 ನಿಮಿಷ, ಪ್ರತಿ ನಡೆಗೆ ಮೇಲೆ 10 ಸೆಕೆಂಡ್ ಸಿಗುತ್ತಿತ್ತು. ಕೂರಲು ಕುರ್ಚಿಯೂ ಇತ್ತು. ನೀವೋ, ಠಾಣೆಯಲ್ಲಿ ಜನ ನುಗ್ಗುವ ಹೊತ್ತಿಗೆ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರ ಹೆಬ್ಬೆರಳಡಿ ಮಂತ್ರಿ. ಪಕ್ಕದವರ ಬ್ಯಾಗು ತಾಗಿ ಮಂತ್ರಿ ಒಂದು ಮನೆ ಆಚೆ ಹೋಗಿ ಕೂತರೆ ಅದಕ್ಕೆ ಮೆದುಳನ್ನು ಯಾಕೆ ಬೈಯುತ್ತೀರಿ? ನೆಟ್‌ವರ್ಕ್ ಹೋದರೂ ನಿಮ್ಮ ಗಡಿಯಾರ ಓಡುತ್ತಲೇ ಇರುತ್ತದೆ.

ನನಗೆ ಚಿಂತೆ ರೈಲಿನ ಆಟದ್ದಲ್ಲ, ರಾತ್ರಿಯದ್ದು. ಆಪ್ ನಿಮಗೆ ಎದುರಾಳಿಯನ್ನು ಹುಡುಕುವುದು ನಿಮ್ಮ ರೇಟಿಂಗಿನ ಆಸುಪಾಸಿನಲ್ಲೇ. ಅಂದ ಮೇಲೆ ಹೆಚ್ಚುಕಡಿಮೆ ಎರಡಕ್ಕೊಂದು ಸೋಲು ಲೆಕ್ಕದಲ್ಲೇ ಇದೆ. ನಾಳೆ ನೀವು 1800 ಮುಟ್ಟಿದರೂ ಅಷ್ಟೇ ಸೋಲುತ್ತೀರಿ, 1800ರವರ ಕೈಯಲ್ಲಿ. ಅಕೌಂಟ್ಸ್‌ನವರು ನೀವು, ನಿಮಗೆ ಹೇಳಬೇಕೇ? ಗೆದ್ದೇ ಮಲಗುತ್ತೇನೆ ಅನ್ನುವುದು ಪ್ರತಿದಿನದ ಖಾತೆಯನ್ನೂ ಲಾಭದಲ್ಲೇ ಮುಚ್ಚುತ್ತೇನೆ ಅಂದ ಹಾಗೆ.

ನನ್ನ ಮಾತು ನಂಬಬೇಡಿ, ನಿಮ್ಮ ಆಟಗಳನ್ನೇ ಕೇಳಿ. ಮಧ್ಯರಾತ್ರಿ ದಾಟಿದ ಮೇಲೆ ಸೋತ ಕೆಲವು ಆಟಗಳನ್ನು ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ತೆರೆಯಿರಿ. ನೀವು ಆಡುವ ಆಪ್ ಲಿಚೆಸ್ ಆಗಿದ್ದರೆ ಯಾವ ನಡೆಗೆ ಎಷ್ಟು ಸೆಕೆಂಡ್ ತೆಗೆದುಕೊಂಡಿರಿ ಎಂಬುದು ಪುಕ್ಕಟೆಯಾಗಿ ಕಾಣುತ್ತದೆ. ಕಂಪ್ಯೂಟರಿನ ತೀರ್ಪು ಆಮೇಲೆ ನೋಡಿದರಾಯಿತು. ಕುದುರೆ ಒಂದೇ ಏಟಿಗೆ ರಾಜನಿಗೂ ಆನೆಗೂ ಕಣ್ಣು ಹಾಕಿ ಕೂತಿದ್ದನ್ನು ನೀವು ನೋಡಲೇ ಇಲ್ಲವೇ? ಆನೆ ಹೆಚ್ಚಿಗಿದ್ದೂ ಸಮಯ ಮುಗಿದು ಸೋತಿರೇ? ಸೋತ ಆಟಕ್ಕೂ ಮುಂದಿನದಕ್ಕೂ ನಡುವೆ ಎಷ್ಟು ಹೊತ್ತು ಬಿಟ್ಟಿರಿ? ಓಪನಿಂಗ್‌ನಲ್ಲಿ ಕೆಟ್ಟ ಆಟ ಇವುಗಳಲ್ಲಿ ಬಹಳ ಸಿಗಲಾರದು.

ಇನ್ನು ಮೇಲೆ ಬುಲೆಟ್ ಬಿಡಿ. ಬ್ಲಿಟ್ಜ್ ಬೇಕೇ ಬೇಕೆಂದರೆ ನಡೆಗೆ ಎರಡು ಸೆಕೆಂಡ್ ಸೇರುವ ಮೂರು ನಿಮಿಷದ ಆಟ ಆಡಿ, ವಿಶ್ವ ಬ್ಲಿಟ್ಜ್ ನಡೆಯುವುದೂ ಹಾಗೇ. ರೈಲಿನಲ್ಲಿ ಗಡಿಯಾರವಿಲ್ಲದ ಪಝಲ್ ಸಾಕು. ಸತತ ಎರಡು ಸೋತರೆ ಆ ದಿನಕ್ಕೆ ಆಟ ಬಂದ್. ಈ ಮಾತನ್ನು ಹೆಂಡತಿಯ ಎದುರಿಗೇ ಹೇಳಿ. ತನಗೆ ತಾನೇ ಕೊಟ್ಟುಕೊಂಡ ಮಾತು ರಾತ್ರಿ ಹನ್ನೊಂದರ ನಂತರ ಬಾಳುವುದಿಲ್ಲ. ಚಾರ್ಜರ್ ಅಡುಗೆಮನೆಗೆ ಹೋಗಲಿ.

ತಿಂಗಳೊಪ್ಪತ್ತಿನಲ್ಲೂ ಇದು ಸಾಧ್ಯವಾಗದೆ, ಮನೆಯವರಿಂದ ಮುಚ್ಚಿಟ್ಟು ಆಡುವಂತಾದರೆ, ಆಫೀಸಿನ ಕೆಲಸ ತಪ್ಪತೊಡಗಿದರೆ, ಅದು ಚೆಸ್‌ನ ಪ್ರಶ್ನೆಯಲ್ಲ. ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ: 14416. ಯಾವ ಹೊತ್ತಿನಲ್ಲಾದರೂ ಮಾಡಬಹುದು, ಖರ್ಚಿಲ್ಲ, ಕನ್ನಡವನ್ನೂ ಆರಿಸಿಕೊಳ್ಳಬಹುದು.