ಬೆಂಕಿಯ ಅಪಾಯವನ್ನು ಮುಂಚಿತವಾಗಿ ಎಣಿಸುವ ಬಗೆ

ಉರಿಯುವ ದ್ರವಗಳಲ್ಲಿ ಉರಿಯುವುದು ವಾಸ್ತವವಾಗಿ ಅವುಗಳಿಂದ ಮೇಲೇಳುವ ಆವಿಯು. ಅದೂ ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆತಿರಬೇಕು, ಕಿಡಿಯೊಂದು ತಗಲಬೇಕು. ರಾಸಾಯನಿಕ ಕಾರ್ಖಾನೆಗಳ ಅಪಾಯವನ್ನು ಎಣಿಸುವವರು ಮೊದಲು ವಿಚಾರಿಸುವುದು ಇದನ್ನೇ. ಯಶವಂತಪುರದ ಮಗ್ಗುಲಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶವಿರುವುದರಿಂದ ನಮ್ಮ ವಾಚಕರಲ್ಲಿ ಅನೇಕರಿಗೆ ಇದು ಮನೆಯ ಬಾಗಿಲಿನ ವಿಷಯವಾಗಿದೆ.

ಯಾವ ಉಷ್ಣಮಾನದಲ್ಲಿ ದ್ರವವು ಉರಿಯತಕ್ಕಷ್ಟು ಆವಿಯನ್ನು ಕೊಡುವುದೋ ಅದು ಆ ದ್ರವದ ಸ್ವಭಾವವನ್ನು ತಿಳಿಸುವುದು. ಸೀಮೆಎಣ್ಣೆಗೆ ಇದು ಸುಮಾರು 38 ಡಿಗ್ರಿ ಸೆಂಟಿಗ್ರೇಡು ಅಥವಾ ಅದಕ್ಕೂ ಮೇಲು. ಮದ್ಯಸಾರಕ್ಕೆ ಸುಮಾರು 13. ಪೆಟ್ರೋಲಿಗೆ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ. ಎಂದಮೇಲೆ, ಮಾಗಿಯ ಕೆಲವು ಮುಂಜಾವುಗಳನ್ನು ಬಿಟ್ಟರೆ ಯಲಹಂಕದಲ್ಲಿ ವರ್ಷವೆಲ್ಲವೂ ತೆರೆದಿಟ್ಟ ಮದ್ಯಸಾರದ ಪಾತ್ರೆಯ ಮೇಲೆ ಉರಿಯಲು ಸಿದ್ಧವಾದ ಆವಿಯು ಇದ್ದೇ ಇರುವುದು. 2020ರಲ್ಲಿ ಮನೆಮನೆಗೂ ಬಂದ ಸ್ಯಾನಿಟೈಸರಿನಲ್ಲಿ ಹೆಚ್ಚು ಪಾಲು ಈ ಬಗೆಯ ದ್ರವವೇ ಎಂಬುದನ್ನು ಎಷ್ಟು ಮಂದಿ ಯೋಚಿಸಿದ್ದರೋ!

ಅನಿಲಗಳಿಗಾದರೋ ಈ ತಡೆಯೂ ಇಲ್ಲ. ಜಲಜನಕವು ಗಾಳಿಯಲ್ಲಿ ನೂರಕ್ಕೆ 4 ಪಾಲಿನಿಂದ 75 ಪಾಲಿನವರೆಗೆ ಎಷ್ಟಿದ್ದರೂ ಹೊತ್ತಿಕೊಳ್ಳುವುದು. ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿಯೂ ಅದಕ್ಕೆ ಸಾಕು. ಯಶವಂತಪುರದ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಶಾಲೆಯೊಂದರಲ್ಲಿ 2018ನೆಯ ಡಿಸೆಂಬರ್ 5ರಂದು ಅನಿಲದ ಸಿಲಿಂಡರು ಸಿಡಿದು ಒಬ್ಬ ತರುಣ ಸಂಶೋಧಕರು ಮೃತರಾದರು. ಮೂವರು ತೀವ್ರವಾಗಿ ಗಾಯಗೊಂಡರು. ಅದು ಜಲಜನಕದ ಸಿಲಿಂಡರೆಂದು ಆಗ ವರದಿಯಾಯಿತು. ವಿದ್ಯಾವಂತರ ನಡುವೆಯೇ ಇಂತಹ ದುರಂತವು ನಡೆಯಿತೆಂಬುದು ಗಮನಿಸತಕ್ಕುದು.

ಎಣಿಕೆಯನ್ನು ನಮ್ಮ ಅಡಿಗೆಮನೆಯಲ್ಲಿಯೇ ಮಾಡಿ ನೋಡೋಣ. ಉದ್ದ, ಅಗಲ, ಎತ್ತರ ಹತ್ತು ಹತ್ತು ಅಡಿಯಾದರೆ ಕೋಣೆಯು 1000 ಘನ ಅಡಿ. ಅಡಿಗೆಯ ಅನಿಲವು ಗಾಳಿಯಲ್ಲಿ ನೂರಕ್ಕೆ ಸುಮಾರು 2 ಪಾಲಾದಾಗ ಹೊತ್ತಬಲ್ಲುದು. ಅಂದರೆ 20 ಘನ ಅಡಿ, ತೂಕದಲ್ಲಿ ಸುಮಾರು ಒಂದೂಕಾಲು ಕಿಲೋಗ್ರಾಮು. ತುಂಬಿದ ಸಿಲಿಂಡರಿನಲ್ಲಿರುವುದೋ 14.2 ಕಿಲೋಗ್ರಾಮು! ಅನಿಲವು ಗಾಳಿಗಿಂತ ಭಾರವಾಗಿ ನೆಲದ ಮೇಲೆಯೇ ಕೂಡಿಕೊಳ್ಳುವುದರಿಂದ ಒಂದು ಕಿಲೋಗ್ರಾಮಿಗಿಂತ ಕಡಿಮೆಯೂ ಅಪಾಯಕರವೇ.

ಕಾರ್ಖಾನೆಯಲ್ಲಿ ಇಂತಹ ಲೆಕ್ಕದ ಮೇಲೆ ಮತ್ತೊಂದು ಕ್ರಮವುಂಟು. 1960ರ ದಶಕದಲ್ಲಿ ಬ್ರಿಟನ್ನಿನ ಐ.ಸಿ.ಐ. ಕಂಪನಿಯವರು ಇದನ್ನು ರೂಪಿಸಿದರು. ನಕ್ಷೆಯ ಒಂದೊಂದು ಕೊಳವೆಗೂ ‘ಇಲ್ಲ’, ‘ಹೆಚ್ಚು’, ‘ಕಡಿಮೆ’, ‘ಹಿಮ್ಮುಖ’ ಎಂಬ ಪದಗಳನ್ನು ಹಚ್ಚಿ ಪ್ರಶ್ನಿಸುವರು. ತಣ್ಣೀರು ಇಲ್ಲವಾದರೆ ಪಾತ್ರೆಯ ಶಾಖವು ಎಷ್ಟಕ್ಕೇರುವುದು? ಏರಿದುದು ಯಾರಿಗೆ ತಿಳಿಯುವುದು? ತಿಳಿದವನಿಗೆ ಎಷ್ಟು ನಿಮಿಷಗಳ ಅವಕಾಶವಿರುವುದು? ವ್ಯಾಕರಣದ ಪಾಠದಂತೆ ಇದು ಬೇಸರದ ಕೆಲಸವೇ ಸರಿ. ಆದರೆ ಬಿಟ್ಟರೆ ಆಗುವುದೇನೆಂಬುದನ್ನು ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಎಂಬಲ್ಲಿ ಕಾಣಬಹುದು. ಅಲ್ಲಿ ಸಾಲಾಗಿದ್ದ ಆರು ಪಾತ್ರೆಗಳಲ್ಲಿ ಐದನೆಯದು ಬಿರುಕುಬಿಟ್ಟಿತು. ಅದನ್ನು ತೆಗೆದು, ಆ ಜಾಗಕ್ಕೆ ತಾತ್ಕಾಲಿಕ ಕೊಳವೆಯನ್ನು ಜೋಡಿಸಿದರು. ಅದಕ್ಕಿದ್ದ ನಕ್ಷೆಯೆಂದರೆ ಕಮ್ಮಟದ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ ಗೆರೆಗಳು. 1974ನೆಯ ಜೂನ್ 1ರಂದು ಆ ಕೊಳವೆಯು ಕಳಚಿ, ಹೊರಬಿದ್ದ ಆವಿಯ ಮೋಡವು ಸಿಡಿದು 28 ಮಂದಿ ಮಡಿದರು. ಅಂದು ಶನಿವಾರವಾದುದರಿಂದ ಕಚೇರಿಗಳು ಬರಿದಾಗಿದ್ದವು.

ನಮ್ಮ ದೇಶದಲ್ಲಿ 1984ರ ಭೋಪಾಲ ದುರಂತದ ತರುವಾಯ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಬಂದುವು. ನಿಗದಿಯಾದ ಪ್ರಮಾಣಕ್ಕಿಂತ ಹೆಚ್ಚು ಸಂಗ್ರಹವುಳ್ಳ ಕಾರ್ಖಾನೆಯವರು, ಅಪಘಾತವಾದಲ್ಲಿ ಏನು ಮಾಡತಕ್ಕುದೆಂಬುದನ್ನು ಸುತ್ತಲಿನ ನಿವಾಸಿಗಳಿಗೆ ಮೊದಲೇ ತಿಳಿಸಬೇಕೆಂದು ಅವುಗಳಲ್ಲಿ ವಿಧಿಸಿದೆ. ಆದರೆ ಆ ಪ್ರಮಾಣಕ್ಕೆ ಒಳಪಡದ ಚಿಕ್ಕ ಗೋದಾಮುಗಳು ಮನೆಗಳ ನಡುವೆಯೇ ಇರಬಲ್ಲುವು. ಮೈಸೂರು ರಸ್ತೆಯ ಬಾಪೂಜಿನಗರದ ಬಳಿ 2020ನೆಯ ನವೆಂಬರ್ 10ರಂದು ರಾಸಾಯನಿಕಗಳ ಗೋದಾಮೊಂದು ಹೊತ್ತಿ ಉರಿದಾಗ ನೆರೆಯವರು ಮನೆಗಳನ್ನು ತೊರೆದು ಹೊರಡಬೇಕಾಯಿತು. ಗೋಡೆಯ ಆಚೆಯ ಪೀಪಾಯಿಗಳಲ್ಲಿ ಏನಿದೆ, ಅದರ ಆವಿಯು ಎಷ್ಟು ಡಿಗ್ರಿಯಲ್ಲಿ ಹೊತ್ತುವುದು ಎಂದು ಕೇಳಲು ನೆರೆಮನೆಯವರು ಸಂಕೋಚಪಡಬೇಕಾದ ಕಾರಣವಿಲ್ಲ.