ಪಂಪನ್ನು ದೂರುವ ಮೊದಲು

ರಾಯಚೂರು

ಚಿರಂಜೀವಿ ಅಳಿಯನಿಗೆ,

ದೇವದುರ್ಗದಲ್ಲಿ ನಿನ್ನ ಗ್ಯಾರೇಜಿಗೆ ಗಿರಾಕಿ ಹತ್ತಿದ್ದಾರೆ ಅಂತ ನಿಮ್ಮವ್ವ ಹೇಳಿದಳು, ಖುಷಿಯಾಯಿತು. ಮಾನ್ವಿಯ ಆ ಪಿಕಪ್ಪಿನ ಸುದ್ದಿಯೂ ಗೊತ್ತಾಯಿತು. ಭತ್ತದ ಲೋಡು ಹಾಕಿದರೆ ಎಳೆಯುವುದಿಲ್ಲ, ಏರು ಬಂದರೆ ಎಂಜಿನ್ ಲೈಟು ಹತ್ತಿ ಗಾಡಿ ಸತ್ತಂತಾಗುತ್ತದೆ, ಸ್ಕ್ಯಾನರ್ ಹಚ್ಚಿದರೆ ಪಿ 0087 ಕೋಡು. ಪಂಪು ಹೋಗಿದೆ, ಹೊಸದು ತರಿಸಬೇಕು ಅಂತ ಮಾಲೀಕರಿಗೆ ಹೇಳಿಬಿಟ್ಟಿದ್ದೀಯಂತೆ. ಸ್ವಲ್ಪ ತಡಿ.

ಆ ಕೋಡು ಹೇಳುವುದು ಇಷ್ಟೇ: ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ರೇಲಿನಲ್ಲಿ ಇರಬೇಕಾದಷ್ಟು ಪ್ರೆಷರ್ ಇಲ್ಲ. ಯಾಕಿಲ್ಲ ಅನ್ನುವುದನ್ನು ನೀನೇ ಹುಡುಕಬೇಕು, ಗಿರಾಕಿ ದುಡ್ಡು ಕೊಡುವುದು ಅದಕ್ಕೇ. ಟಾಕಿಗೆ ನೀರೇ ಏರದಿದ್ದರೆ ನಲ್ಲಿ ಬದಲಿಸಿ ಏನು ಬಂತು? ಡೀಸೆಲ್ ಪಂಪು ಎಷ್ಟು ತುಟ್ಟಿ ಅಂತ ನಿನಗೆ ಗೊತ್ತಿದೆ. ಲೋನಿನ ಮೇಲೆ ಗಾಡಿ ಓಡಿಸುವವನಿಗೆ ಅದು ಎಷ್ಟು ಕಂತಿನ ದುಡ್ಡು ಅನ್ನುವುದನ್ನೂ ಲೆಕ್ಕ ಹಾಕು.

ಟ್ಯಾಂಕಿನಿಂದ ಶುರು ಮಾಡು. ಮುಚ್ಚಳದ ಗಾಳಿಕಿಂಡಿ ಧೂಳಿಗೆ ಮುಚ್ಚಿದ್ದರೆ ಒಳಗೆ ನಿರ್ವಾತವಾಗಿ ಡೀಸೆಲ್ ಬರುವುದೇ ಕಷ್ಟ. ಮುಚ್ಚಳ ಸಡಿಲಿಸಿ ಓಡಿಸಿದರೆ ಅದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ಫಿಲ್ಟರಿನ ತಳದ ಸ್ಕ್ರೂ ಬಿಚ್ಚಿ ಒಂದು ಗಾಜಿನ ಬಾಟಲಿಗೆ ಡೀಸೆಲ್ ಇಳಿಸಿಕೋ, ಬಿಸಿಲಿಗೆ ಹಿಡಿದು ಸ್ವಲ್ಪ ಹೊತ್ತು ನೋಡು. ನೀರಿದ್ದರೆ ತಳಕ್ಕೆ ಕೂತು ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಸುಗ್ಗಿಯಲ್ಲಿ ನಮ್ಮ ಕಡೆ ಹೊಲಕ್ಕೆ ಡ್ರಮ್ಮಿನಲ್ಲಿ ಡೀಸೆಲ್ ಒಯ್ಯುತ್ತಾರೆ, ಅದೇ ಕ್ಯಾನಿನಿಂದ ಪಿಕಪ್ಪಿಗೂ ಸುರಿಯುತ್ತಾರೆ. ನೀರು, ಕಸ ಬರುವ ದಾರಿ ಅದು. ಬಾಟಲಿಯ ತಳದಲ್ಲಿ ಬೆಳ್ಳಿ ಪುಡಿಯ ಹಾಗೆ ಹೊಳೆಯುವುದೇನಾದರೂ ಕಂಡರೆ ಮಾತ್ರ ಮಾತು ಬೇರೆ. ಪಂಪು ಒಳಗೇ ಸವೆದು ಲೋಹದ ಚೂರು ಬಿಡುತ್ತಿರಬಹುದು. ಹಾಗಿದ್ದರೆ ಪಂಪೊಂದನ್ನು ಬದಲಿಸಿದರೆ ಸಾಲದು. ಟ್ಯಾಂಕು, ಪೈಪು, ರೇಲು, ಇಂಜೆಕ್ಟರು ಎಲ್ಲವನ್ನೂ ನೋಡದಿದ್ದರೆ ಆ ಚೂರು ಹೊಸ ಪಂಪನ್ನೂ ತಿನ್ನುತ್ತದೆ.

ನೀರಿಲ್ಲ, ಚೂರಿಲ್ಲ ಅಂದರೆ ಗಾಳಿ ಹುಡುಕು. ಫಿಲ್ಟರಿನಿಂದ ಪಂಪಿಗೆ ಹೋಗುವ ಕಡೆ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪು ಜೋಡಿಸಿ ರೇಸ್ ಕೊಟ್ಟು ನೋಡು. ಗುಳ್ಳೆ ಓಡುತ್ತಿದ್ದರೆ ಟ್ಯಾಂಕಿನಿಂದ ಅಲ್ಲಿಯವರೆಗೆ ಎಲ್ಲೋ ಗಾಳಿ ಎಳೆಯುತ್ತಿದೆ. ಎಳೆಯುವ ಕಡೆ ಸೀಳು ಬಿಟ್ಟ ಪೈಪು ಒಳಗೆ ಗಾಳಿ ಬಿಡುತ್ತದೆ, ಹೊರಗೆ ಡೀಸೆಲ್ ಸೋರುವುದಿಲ್ಲ. ಹಾಗಾಗಿ ಒಣಗಿದ್ದ ಮಾತ್ರಕ್ಕೆ ಪೈಪನ್ನು ನಂಬಬೇಡ.

ಇಲ್ಲಿಯವರೆಗೆ ಎಲ್ಲ ಸರಿ ಇದ್ದರೆ ಸ್ಕ್ಯಾನರ್ ತೆಗೆ, ಆದರೆ ಕೋಡು ಓದಿ ಮುಚ್ಚಿಡಬೇಡ. ಕಂಪ್ಯೂಟರು ಕೇಳುತ್ತಿರುವ ಪ್ರೆಷರ್ ಎಷ್ಟು, ಸಿಗುತ್ತಿರುವುದೆಷ್ಟು, ಎರಡನ್ನೂ ಒಟ್ಟಿಗೆ ನೋಡು. ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೂ ರೇಲಿನ ಅಂಕಿ ಸೊನ್ನೆಯ ಹತ್ತಿರ ಬರದಿದ್ದರೆ ಸೆನ್ಸರ್ ಇಲ್ಲವೇ ವೈರಿಂಗ್ ಮೇಲೆ ಅನುಮಾನ ಪಡು. ಸೆಲ್ಫ್ ಹೊಡೆದಾಗ ಸುಮಾರು 200 ಬಾರ್ ಏರದಿದ್ದರೆ ಬಹಳಷ್ಟು ಕಾಮನ್ ರೇಲ್ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಈ ಪಿಕಪ್ಪು ಸ್ಟಾರ್ಟ್ ಆಗಿ, ಐಡ್ಲಿಂಗ್ ಸರಿಯಾಗಿ ನಿಂತು, ಲೋಡಿನಲ್ಲಿ ಮಾತ್ರ ಬೀಳುತ್ತಿದೆ. ಹಾಗೆ ನೋಡಿದರೆ ನನ್ನ ಅನುಮಾನ ಕಟ್ಟಿಕೊಂಡ ಫಿಲ್ಟರಿನ ಮೇಲೇ. ಬದಲಿಸುವಾಗ ನೆನಪಿಡು, ಪ್ಯಾಕೆಟ್ ಚಂದ ಇದ್ದ ಮಾತ್ರಕ್ಕೆ ಒಳಗಿನ ಫಿಲ್ಟರ್ ಅಸಲಿ ಆಗುವುದಿಲ್ಲ. ಹೊಸದು ಹಾಕಿದಾಗ ಹ್ಯಾಂಡ್ ಪಂಪು ಒತ್ತಿ ಡೀಸೆಲ್ ತುಂಬಿಸಿಯೇ ಸೆಲ್ಫ್ ಹೊಡೆ. ರೇಲಿಗೆ ಪ್ರೆಷರ್ ಕೊಡುವ ಪಂಪಿಗೆ ಡೀಸೆಲ್ಲೇ ಎಣ್ಣೆ, ಒಣಗಿ ತಿರುಗಿದರೆ ಸವೆಯುತ್ತದೆ.

ಫಿಲ್ಟರ್ ಬದಲಿಸಿದರೂ ಸರಿಯಾಗದಿದ್ದರೆ ಇಂಜೆಕ್ಟರುಗಳ ರಿಟರ್ನ್ ಪೈಪು ಬಿಚ್ಚಿ ನಾಲ್ಕಕ್ಕೂ ಒಂದೊಂದು ಬಾಟಲಿ ಕಟ್ಟು. ಒಂದೇ ಹೊತ್ತಿನಲ್ಲಿ ಒಂದು ಬಾಟಲಿ ಉಳಿದವಕ್ಕಿಂತ ಬೇಗ ತುಂಬಿದರೆ ಪ್ರೆಷರ್ ಸೋರುವುದು ಅಲ್ಲಿ. ಇದನ್ನು ಬೆಳಗಿನ ತಂಪಿನಲ್ಲಿ ಮಾಡಬೇಡ. ಡೀಸೆಲ್ ಕಾದಷ್ಟೂ ತೆಳುವಾಗುತ್ತದೆ, ಸವೆದ ಸಂದಿನಲ್ಲಿ ಹೆಚ್ಚು ಜಾರುತ್ತದೆ. ನಮ್ಮ ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ, ಗಬ್ಬೂರಿನವರೆಗೆ ಲೋಡು ಎಳೆದು ವಾಪಸು ಬಂದ ಗಾಡಿ ತೋರಿಸುವ ರೋಗವನ್ನು ಬೆಳಿಗ್ಗೆ ಏಳಕ್ಕೆ ಅದೇ ಗಾಡಿ ತೋರಿಸುವುದಿಲ್ಲ.

ಇನ್ನೊಂದು ಮಾತು, ಇದನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ನಾವು ಕೆಲಸ ಕಲಿತದ್ದು ಮೈಕೋ ಪಂಪಿನ ಮೇಲೆ. 1951ರಲ್ಲಿ ಶುರುವಾದ ಬೆಂಗಳೂರಿನ ಕಂಪನಿ ಅದು, 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಿಸಿಕೊಂಡಿತು. ಹಳೆಯ ಮೇಸ್ತ್ರಿಗಳ ಬಾಯಲ್ಲಿ ಇನ್ನೂ ಮೈಕೋನೇ. ಆ ಪಂಪಿನ ಗಾಡಿಗಳಲ್ಲಿ ಎಂಜಿನ್ ತಿರುಗುವಾಗಲೇ ಇಂಜೆಕ್ಟರಿನ ನಟ್ಟು ಸಡಿಲಿಸಿ ಏರ್ ತೆಗೆಯುತ್ತಿದ್ದೆವು. ನೀನು ಚಿಕ್ಕವನಿದ್ದಾಗ ನೋಡಿರುತ್ತೀಯ. ಕಾಮನ್ ರೇಲಿನಲ್ಲಿ ಅದನ್ನು ಮಾಡಲೇಬೇಡ. ಕಾರಿನ ಟೈರಿನಲ್ಲಿರುವುದು 2 ಬಾರ್ ಚಿಲ್ಲರೆ. ಈ ರೇಲಿನಲ್ಲಿ 1600 ಬಾರಿನವರೆಗೂ ಹೋಗುತ್ತದೆ. ಡೀಸೆಲ್ ಕೂದಲೆಳೆಯಷ್ಟು ಚಿಮ್ಮಿದರೂ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ಒಳಗೆ ಡೀಸೆಲ್ ಹರಡಿ ಬೆರಳೇ ತೆಗೆಯುವ ಹಾಗಾಗಬಹುದು. ಸೋರುವ ಜಾಗ ಹುಡುಕಲು ಕೈ ಆಡಿಸಬೇಡ, ರಟ್ಟು ಹಿಡಿ. ತಾಗಿತು ಅನಿಸಿದರೆ ಅರಿಸಿನ ಹಚ್ಚಿ ಕೂಡಬೇಡ, ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಹೋಗಿ, ಒಳಗೆ ಡೀಸೆಲ್ ಹೊಕ್ಕಿದೆ ಅಂತ ಡಾಕ್ಟರಿಗೆ ಹೇಳು.

ಇಷ್ಟೆಲ್ಲ ನೋಡಿದ ಮೇಲೂ ಪ್ರೆಷರ್ ಏರದಿದ್ದರೆ, ಪಂಪಿನ ಮೇಲಿರುವ ಮೀಟರಿಂಗ್ ವಾಲ್ವು, ರೇಲಿನ ತುದಿಯ ಪ್ರೆಷರ್ ವಾಲ್ವು ಎರಡನ್ನೂ ಪರೀಕ್ಷಿಸು. ಪಂಪಿನ ಸರದಿ ಅದಾದ ಮೇಲೆ. ಆಗಲೂ ನೀನೇ ಬಿಚ್ಚಬೇಡ, ಟೆಸ್ಟ್ ಬೆಂಚ್ ಇರುವ ಕಡೆ ಕೊಟ್ಟು ವರದಿ ಬರೆಸಿಕೋ.

ಮಾನ್ವಿಯವರಿಗೆ ಇವತ್ತೇ ಫೋನ್ ಮಾಡಿ ಪಂಪಿನ ಆರ್ಡರು ನಿಲ್ಲಿಸಲು ಹೇಳು. ಫಿಲ್ಟರು, ಬಾಟಲಿಗಳ ಅಳತೆ, ಲೋಡಿನಲ್ಲಿ ಬಂದ ಪ್ರೆಷರ್ ಎಲ್ಲವನ್ನೂ ಚೀಟಿಯಲ್ಲಿ ಬರೆದು ಫೋಟೋ ತೆಗೆದು ನನಗೆ ಕಳಿಸು, ನೋಡಿ ಹೇಳುತ್ತೇನೆ.

ನಿನ್ನ ಮಾವ