ಫೈಲು ಎಲ್ಲಿ ನಿಂತಿತು?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಬೆಳೆಗಾರರಿಗೆ ಕಬ್ಬು ಕಟಾವಿನ ಸರದಿ ತೋರಿಸುವ ಜಾವಾ ವೆಬ್ ಅಪ್ಲಿಕೇಶನ್ ಒಂದನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಸರ್ವರ್‌ಗೆ ಹೊಸದಾಗಿ ಹಾಕಿದ ಮೇಲೆ ಮಳವಳ್ಳಿಯ ರೈತರೊಬ್ಬರು ಫೋನ್ ಮಾಡಿದರು: “ಪೇಜೇನೋ ಬತ್ತದೆ ಸಾ, ಎಲ್ಲಾ ಒಂದ್ರ ಮೇಲೊಂದು ಬಿದ್ದದೆ.” ಕಟಾವು ತಡವಾದರೆ ಕಬ್ಬಿನ ತೂಕ ಇಳಿಯುತ್ತದೆ. ತಾರೀಖೇ ಓದಲಾಗದ ಪುಟದಿಂದ ಅವರಿಗೆ ಏನು ಪ್ರಯೋಜನ?

ಇಂಥ ಹೊತ್ತಿನಲ್ಲಿ ಊಹೆಯ ಮೇಲೆ ಕೋಡ್ ತಿದ್ದಬಾರದು. ನಮ್ಮ ಕಡೆಯ ವಿ.ಸಿ. ನಾಲೆಯ ಕೊನೆಭಾಗಕ್ಕೆ ನೀರು ಬಾರದಿದ್ದರೆ ನಾಲೆಯುದ್ದಕ್ಕೂ ನಡೆದು, ನೀರು ಎಲ್ಲಿ ನಿಂತಿದೆ ಎಂದು ನೋಡುತ್ತಾರಲ್ಲ, ಸಿಎಸ್‌ಎಸ್, ಚಿತ್ರ, ಫಾಂಟ್‌ಗಳ ವಿಷಯದಲ್ಲೂ ಅದೇ ಕ್ರಮ.

ಮೊದಲು ಬ್ರೌಸರಿನ ನೆಟ್‌ವರ್ಕ್ ಟ್ಯಾಬ್ ತೆರೆಯಬೇಕು. 404 ಕಂಡರೆ ಆ ವಿಳಾಸದಲ್ಲಿ ಫೈಲು ಸಿಕ್ಕಿಲ್ಲ. ನಾವು ಬಳಸಿದ ಸ್ಪ್ರಿಂಗ್ ಬೂಟ್ ‘ಸ್ಟ್ಯಾಟಿಕ್’ ಫೋಲ್ಡರಿನೊಳಗೆ ಹುಡುಕುತ್ತದೆ, ಆದರೆ ಆ ಫೋಲ್ಡರಿನ ಹೆಸರು ವಿಳಾಸದಲ್ಲಿ ಬರಬಾರದು. ಫೈಲಿನ ಹೆಸರಿನಲ್ಲಿ ಇಂಗ್ಲಿಷ್‌ನ ದೊಡ್ಡಕ್ಷರ, ಸಣ್ಣಕ್ಷರ ಅದಲುಬದಲಾದರೂ ವಿಂಡೋಸ್ ಸುಮ್ಮನಿರುತ್ತದೆ, ಲಿನಕ್ಸ್ ಒಪ್ಪುವುದಿಲ್ಲ.

ನಮಗೆ ಕಂಡದ್ದು 302. ಸಿಎಸ್‌ಎಸ್ ಕೇಳಿದ ಬ್ರೌಸರನ್ನು ಸ್ಪ್ರಿಂಗ್ ಸೆಕ್ಯುರಿಟಿ ಲಾಗಿನ್ ಪುಟಕ್ಕೆ ಕಳಿಸುತ್ತಿತ್ತು. ಸಿಕ್ಕ ಎಚ್‌ಟಿಎಂಎಲ್ ಅನ್ನು ಬ್ರೌಸರು ಸಿಎಸ್‌ಎಸ್ ಎಂದು ಒಪ್ಪುತ್ತಿರಲಿಲ್ಲ. ಲಾಗಿನ್ ಆದ ಸಿಬ್ಬಂದಿಗೆ ಎಲ್ಲವೂ ಸರಿ, ಲಾಗಿನ್ ಇಲ್ಲದ ರೈತರಿಗಷ್ಟೇ ತೊಂದರೆ. ಸಿಎಸ್‌ಎಸ್, ಚಿತ್ರ, ಫಾಂಟ್‌ಗಳ ಫೋಲ್ಡರುಗಳನ್ನು ಎಲ್ಲರಿಗೂ ತೆರೆದಿಟ್ಟ ಮೇಲೆ ಪುಟ ನೆಟ್ಟಗಾಯಿತು.

ಆದರೂ ಫಾಂಟಿನಿಂದ ಬರುವ ಐಕಾನ್‌ಗಳಿದ್ದ ಕಡೆ ಖಾಲಿ ಚೌಕ ಉಳಿದಿತ್ತು. ನಾವು ಆರಿಸಿದ್ದ ನೋಟೋ ಸಾನ್ಸ್ ಕನ್ನಡ ಫಾಂಟೂ ಕಾಣಲಿಲ್ಲ. ಉತ್ತರ ಮಾತ್ರ 200. ತೀರಾ ಕಾಡುವುದು ಇಂಥದ್ದೇ, ಏಕೆಂದರೆ ಸರ್ವರ್ ಎಲ್ಲ ಸರಿಯಿದೆ ಎನ್ನುತ್ತದೆ. ಜಾರ್ ಬಿಚ್ಚಿ ಫಾಂಟ್ ಫೈಲನ್ನು ಮೂಲದ ಪಕ್ಕ ಇಟ್ಟು ನೋಡಿದರೆ ಜಾರ್‌ನಲ್ಲಿದ್ದದ್ದು ಗಾತ್ರದಲ್ಲಿ ದೊಡ್ಡದು! ಜಾರ್ ಕಟ್ಟುವ ಮೇವನ್‌ನ ಫಿಲ್ಟರಿಂಗ್ ಅದನ್ನೂ ಪಠ್ಯವೆಂದೇ ಓದಿ, ಅರ್ಥವಾಗದ ಬೈಟ್‌ಗಳ ಜಾಗದಲ್ಲಿ ಬೇರೆಯವನ್ನು ತುಂಬಿತ್ತು. ಜೆಪೆಗ್, ಪಿಎನ್‌ಜಿಯಂಥ ಚಿತ್ರಗಳನ್ನು ಮೇವನ್ ತಾನಾಗಿಯೇ ಬಿಡುತ್ತದೆ, ಫಾಂಟ್‌ಗಳನ್ನು ಬಿಡು ಎಂದು ನಾವೇ ಹೇಳಬೇಕು. ಹೇಳಿದೆವು, ಸರಿಯಾಯಿತು.

ಈಗ ಯಾವ ಪುಟವನ್ನೇ ಹೊರಗೆ ಬಿಡಲಿ, ಲಾಗಿನ್ ಆಗದೆ, ಕಚೇರಿಯ ಕಂಪ್ಯೂಟರ್ ಬಿಟ್ಟು, ಸಾಧಾರಣ ಫೋನೊಂದರಲ್ಲಿ ತೆರೆದು ನೋಡುತ್ತೇನೆ. ರೈತರಿಗೆ ಕಾಣುವುದು ಆ ಪುಟವೇ. ನಮ್ಮ ಕೆಲಸ ಮುಗಿಯಿತೋ ಇಲ್ಲವೋ ಎಂಬುದು ಅಲ್ಲೇ ತೀರ್ಮಾನವಾಗಬೇಕು.